ಮೇಜಿನ ಮೇಲಣ ಗಣಕಯಂತ್ರ: ಕಲಿಯುವ ಬಗೆ, ಬಳಸುವ ಬಗೆ

ನಮ್ಮ ಸಂಘದ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗ ಮೊದಲಾದ ವಿಷಯಗಳನ್ನು ಕುರಿತು ತಜ್ಞ ವೈದ್ಯರು ಬರೆಯುವುದು ವಾಡಿಕೆ. ವೈದ್ಯನಲ್ಲದ ನಾನು ಆ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಕುಳಿತುದಕ್ಕೆ ಒಂದು ಕಾರಣವಿದೆ. ಬ್ಯಾಂಕಿನ ನೌಕರಿಯಲ್ಲಿ ನಾನು ಕಳೆದ ಮೂವತ್ತೈದು ವರ್ಷಗಳ ಪೈಕಿ ಕೊನೆಯ ಹದಿನೈದು ವರ್ಷ, ಸಹೋದ್ಯೋಗಿಗಳಿಗೆ ಗಣಕಯಂತ್ರದ ಕೆಲಸ ಕಲಿಸುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಆ ಯಂತ್ರದ ಮುಂದೆ ಕುಳಿತ ಮನುಷ್ಯರ ಕಣ್ಣು, ಕತ್ತು, ಕೈ ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಮನಸ್ಸು ಪಡುವ ಪಾಡನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅದೂ ಆರೋಗ್ಯದ ವಿಷಯವೇ ಅಲ್ಲವೇ?

ಮೊದಲು ಒಬ್ಬ ಹಿರಿಯ ಸಹೋದ್ಯೋಗಿಯ ಮಾತು. ಉಡುಪಿಯ ಕಡೆಯವರು. ಹದಿಮೂರನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಹಗಲು ಹೊಟೇಲಿನಲ್ಲಿ ಲೋಟ ತೊಳೆದು, ಸಂಜೆ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಮೆಟ್ರಿಕ್ ಮುಗಿಸಿ ಬ್ಯಾಂಕು ಸೇರಿದವರು. ನಮ್ಮವರಲ್ಲಿ ಎಷ್ಟೋ ಮಂದಿಯ ಕಥೆಯೂ ಇದೇ ಆಗಿರುವುದರಿಂದ ಹೆಚ್ಚು ವಿವರಿಸಬೇಕಾದ್ದಿಲ್ಲ. ಉದ್ದನೆಯ ಲೆಡ್ಜರಿನ ಪುಟವನ್ನು ಮೇಲಿನಿಂದ ಕೆಳಕ್ಕೆ ಒಮ್ಮೆ ಕಣ್ಣಾಡಿಸಿದರೆ ಸಾಕು, ಪೆನ್ಸಿಲಿನ ತುದಿ ಮುಟ್ಟುವ ಮೊದಲೇ ಅವರ ತುಟಿಯ ಮೇಲೆ ಮೊತ್ತ ಬಂದಿರುತ್ತಿತ್ತು. ತಿಂಗಳ ಕೊನೆಯ ತಾಳೆಯಲ್ಲಿ ಹನ್ನೆರಡು ಪೈಸೆಯ ವ್ಯತ್ಯಾಸ ಸಿಕ್ಕದಿದ್ದರೆ ಅಕ್ಕಪಕ್ಕದ ಶಾಖೆಯವರು ಅವರನ್ನು ಕರೆಯಿಸಿಕೊಳ್ಳುತ್ತಿದ್ದರು. ಅಂಥವರು ನಮ್ಮ ಶಾಖೆಗೆ ಯಂತ್ರಗಳು ಬಂದ ಮೇಲೆ ಎರಡು ವರ್ಷ ಮೌನವಾಗಿದ್ದು, 2001ರಲ್ಲಿ ಸ್ವಯಂನಿವೃತ್ತಿ ಯೋಜನೆಯಲ್ಲಿ ಹೊರನಡೆದರು. ಹೋಗುವ ದಿನ, "ಯಂತ್ರದ ಹೆದರಿಕೆ ಅಲ್ಲ ಮಾರಾಯರೇ, ಮಗನ ವಯಸ್ಸಿನ ಹುಡುಗನನ್ನು ದಿನಕ್ಕೆ ಹತ್ತು ಸಲ ಕೇಳಬೇಕಲ್ಲ, ಅದು ಆಗುವುದಿಲ್ಲ" ಎಂದರು.

ಅವರಿಗೆ ಪಾಠ ಹೇಳಿದವನು ನಾನೇ. ಎರಡು ದಿನಗಳ ತರಬೇತಿ. ಕೈಯಲ್ಲಿ ದಪ್ಪನೆಯ ಕೈಪಿಡಿ. ಮೊದಲ ದಿನವೆಲ್ಲ ಗಣಕಯಂತ್ರದ ಇತಿಹಾಸ ಮತ್ತು ಅಂಗಾಂಗಗಳ ವರ್ಣನೆ. ಅವರು ಕಲಿಯಲಿಲ್ಲವೆಂದು ಆಗ ಅಂದುಕೊಂಡಿದ್ದೆ. ನನಗೆ ಕಲಿಸಲು ಬರಲಿಲ್ಲವೆಂಬುದು ತಿಳಿದದ್ದು ಎಷ್ಟೋ ಕಾಲದ ಮೇಲೆ. ಅದನ್ನು ತಿಳಿಸಿಕೊಟ್ಟ ಸಂಗತಿಗಳನ್ನೇ ಇಲ್ಲಿ ವಾಚಕರ ಮುಂದಿಡುತ್ತೇನೆ.

ಯಂತ್ರ ಬಂದ ಬಗೆ

ನಮ್ಮ ಮುಂಬಯಿಯಲ್ಲಿ ಗಣಕಯಂತ್ರವು ಹೊಸ ಅತಿಥಿಯೇನಲ್ಲ. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯು ತಾನೇ ನಿರ್ಮಿಸಿದ ಟಿಫ್ರಾಕ್ ಎಂಬ ಯಂತ್ರವು 1960ರಲ್ಲಿ ಇದೇ ನಗರದಲ್ಲಿ ಕೆಲಸಕ್ಕೆ ತೊಡಗಿತು. ಆದರೆ ಅದು ವಿಜ್ಞಾನಿಗಳ ಸೊತ್ತು. ಗುಮಾಸ್ತರ ಮೇಜಿಗೆ ಯಂತ್ರ ಬರುವ ದಾರಿ ಅಷ್ಟು ಸುಗಮವಾಗಿರಲಿಲ್ಲ. 1960ರ ದಶಕದಲ್ಲಿ ಕಲ್ಕತ್ತೆಯಲ್ಲಿ ಜೀವವಿಮಾ ನಿಗಮವು ಗಣಕಯಂತ್ರವನ್ನು ತರಲು ಹೊರಟಾಗ, ಉದ್ಯೋಗ ಹೋದೀತೆಂಬ ಭೀತಿಯಿಂದ ನೌಕರರು ಪ್ರಬಲವಾಗಿ ವಿರೋಧಿಸಿದರು. ಬ್ಯಾಂಕುಗಳಲ್ಲಿ 1983ರಲ್ಲಿ ಆಡಳಿತ ವರ್ಗಕ್ಕೂ ನೌಕರರ ಸಂಘಗಳಿಗೂ ಆದ ಒಪ್ಪಂದದ ಮೇರೆಗೆ, ಮಿತವಾದ ಸಂಖ್ಯೆಯಲ್ಲಿ ಯಂತ್ರಗಳನ್ನು ತರಲು ಅವಕಾಶವಾಯಿತು. ಡಾ. ಸಿ. ರಂಗರಾಜನ್ ಅವರ ಅಧ್ಯಕ್ಷತೆಯ ಸಮಿತಿಯು 1984ರಲ್ಲಿ ಕೊಟ್ಟ ವರದಿಯು ಮುಂದಿನ ಹಾದಿಯನ್ನು ಹಾಕಿಕೊಟ್ಟಿತು. ಹೀಗೆ ಬಂದದ್ದು ಲೆಡ್ಜರ್ ಪೋಸ್ಟಿಂಗ್ ಯಂತ್ರ. 1985-86ರ ಹೊತ್ತಿಗೆ ದೆಹಲಿಯಲ್ಲಿ ರೈಲ್ವೆಯವರು ಆಸನ ಕಾದಿರಿಸುವ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸಿದರು. 2000ದ ನಂತರದ ದಶಕದಲ್ಲಿ ಎಲ್ಲ ಶಾಖೆಗಳನ್ನೂ ಒಂದೇ ಕೇಂದ್ರಕ್ಕೆ ಜೋಡಿಸುವ ಕೋರ್ ಬ್ಯಾಂಕಿಂಗ್ ಪದ್ಧತಿಯು ಬಂದು, ಶಾಖೆಯ ಗಿರಾಕಿಯು ಇಡೀ ಬ್ಯಾಂಕಿನ ಗಿರಾಕಿಯಾದನು.

ಯಂತ್ರವನ್ನು ಕೊಳ್ಳಲು, ಕೊಠಡಿಗೆ ಹವಾನಿಯಂತ್ರಣ ಮಾಡಿಸಲು, ತಂತಿ ಎಳೆಯಲು ಹಣ ಮಂಜೂರಾಗುತ್ತಿತ್ತು. ಅದರ ಮುಂದೆ ಕುಳಿತುಕೊಳ್ಳಬೇಕಾದ ಮನುಷ್ಯನು ಹೇಗೆ ಕಲಿಯುತ್ತಾನೆಂಬ ಪ್ರಶ್ನೆಯನ್ನು ಮಾತ್ರ ಯಾರೂ ಹೆಚ್ಚಾಗಿ ಕೇಳಲಿಲ್ಲ.

ಮನುಷ್ಯನು ಹೇಗೆ ಕಲಿಯುತ್ತಾನೆ?

ಈ ಪ್ರಶ್ನೆಯನ್ನು ಶ್ರದ್ಧೆಯಿಂದ ಕೇಳಿದವರಲ್ಲಿ ಜಾನ್ ಕ್ಯಾರಲ್ ಎಂಬ ಮನೋವಿಜ್ಞಾನಿಯು ಪ್ರಮುಖರು. ಅಮೆರಿಕದ ಐ.ಬಿ.ಎಂ. ಸಂಸ್ಥೆಯ ಸಂಶೋಧನಾಲಯದಲ್ಲಿ 1980ರ ದಶಕದಲ್ಲಿ ಅವರೂ ಅವರ ಸಂಗಡಿಗರೂ, ಬೆರಳಚ್ಚು ಕೆಲಸ ಬಲ್ಲ ಕಚೇರಿ ನೌಕರರನ್ನು ಹೊಸ ಯಂತ್ರದ ಮುಂದೆ ಕೂರಿಸಿ, ಅವರು ಏನು ಮಾಡುತ್ತಾರೆಂಬುದನ್ನು ತಾಳ್ಮೆಯಿಂದ ನೋಡಿದರು. ಕಂಡದ್ದಿಷ್ಟು: ಕೈಪಿಡಿಯನ್ನು ಯಾರೂ ಕ್ರಮವಾಗಿ ಓದುವುದಿಲ್ಲ. ಎರಡು ಪುಟ ಓದುವಷ್ಟರಲ್ಲಿ ಕೈ ಕೀಲಿಯ ಮೇಲೆ ಹೋಗುತ್ತದೆ. ಇದಕ್ಕೆ ಸೋಮಾರಿತನವು ಕಾರಣವಲ್ಲ. ನೌಕರನಿಗೆ ಯಂತ್ರದ ಜ್ಞಾನ ಬೇಕಾಗಿಲ್ಲ, ಪತ್ರವೊಂದು ಮುಗಿಯಬೇಕಾಗಿದೆ. ಕಲಿಯಲೆಂದು ಸಮಯ ತೆಗೆದುಕೊಂಡರೆ ಕೆಲಸ ನಿಲ್ಲುತ್ತದೆ. ಕೆಲಸ ಮಾಡುತ್ತ ಹೋದರೆ ಕಲಿಕೆ ಅರ್ಧದಲ್ಲೇ ಉಳಿಯುತ್ತದೆ. ಕ್ಯಾರಲ್ ಮತ್ತು ಮೇರಿ ಬೆತ್ ರಾಸನ್ 1987ರಲ್ಲಿ ಈ ಇಕ್ಕಟ್ಟನ್ನು 'ಕ್ರಿಯಾಶೀಲ ಬಳಕೆದಾರನ ವಿರೋಧಾಭಾಸ' ಎಂಬ ಅರ್ಥ ಬರುವ ಹೆಸರಿನಿಂದ ಕರೆದರು.

ಇದರ ಎರಡನೆಯ ಮುಖವು ಇನ್ನೂ ಸ್ವಾರಸ್ಯವಾದುದು. ಹೊಸದನ್ನು ಕಲಿಯುವಾಗ ಮನುಷ್ಯನು ತನಗೆ ಮೊದಲೇ ಗೊತ್ತಿರುವುದರ ಮೇಲೆಯೇ ಅದನ್ನು ಕಟ್ಟುತ್ತಾನೆ. ಬೇರೆ ದಾರಿಯೇ ಇಲ್ಲ. ಆದರೆ ಹಳೆಯ ತಿಳಿವಳಿಕೆಯೇ ಹಲವು ಸಲ ಎಡವಿಸುತ್ತದೆ. ಬೆರಳಚ್ಚು ಯಂತ್ರದಲ್ಲಿ ಕೆಳಗಿನ ಉದ್ದನೆಯ ಪಟ್ಟಿಯನ್ನು ಒತ್ತಿದರೆ ಜಾಗ ಸರಿಯುತ್ತದೆಯೇ ಹೊರತು ಕಾಗದದ ಮೇಲೆ ಮೂಡಿದ ಅಕ್ಷರಕ್ಕೆ ಏನೂ ಆಗುವುದಿಲ್ಲ. ಗಣಕಯಂತ್ರದಲ್ಲಿ ಆ ಖಾಲಿ ಜಾಗವೂ ಒಂದು ಅಕ್ಷರವೇ; ಅದು ಬರೆದದ್ದನ್ನು ಆಚೆಗೆ ತಳ್ಳುತ್ತದೆ, ಇಲ್ಲವೇ ಅಳಿಸುತ್ತದೆ. ಇಪ್ಪತ್ತು ವರ್ಷ ನಿಷ್ಠೆಯಿಂದ ಟೈಪು ಮಾಡಿದವರೇ ಇಲ್ಲಿ ಮೊದಲು ತಪ್ಪುತ್ತಿದ್ದರು. ಅದನ್ನು ಕಂಡು ದಡ್ಡತನವೆಂದು ನಕ್ಕವರಿಗೆ, ಅದು ಅನುಭವದ ಫಲವೆಂಬುದು ಹೊಳೆಯಲಿಲ್ಲ.

ಹಳೆಯ ತಿಳಿವಳಿಕೆಯು ನೆರವಾಗುವುದೂ ಉಂಟು. ನಮ್ಮ ಕನ್ನಡದ ಕೀಲಿಮಣೆಯೇ ಇದಕ್ಕೆ ಸಾಕ್ಷಿ. ಶ್ರೀ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ ನೂರಾರು ಗುಣಿತಾಕ್ಷರ, ಒತ್ತಕ್ಷರಗಳಿಗೆ ಬೇರೆ ಬೇರೆ ಕೀಲಿಗಳಿಲ್ಲ. ವ್ಯಂಜನವನ್ನು ಒತ್ತಿ ಸ್ವರವನ್ನು ಒತ್ತಿದರೆ ಕಾಗುಣಿತವು ತಾನಾಗಿ ಮೂಡುತ್ತದೆ. ಕಿವಿಗೆ ಕೇಳಿದ ಧ್ವನಿಯೇ ಬೆರಳಿಗೆ ದಾರಿ. ಮುಂದೆ ಕರ್ನಾಟಕ ಸರ್ಕಾರವೂ ಈ ವಿನ್ಯಾಸವನ್ನೇ ಅಂಗೀಕರಿಸಿತು. ಬಾಲ್ಯದಲ್ಲಿ ಕಾಗುಣಿತ ಬಾಯಿಪಾಠ ಮಾಡಿದವನು ಅರ್ಧ ಗಂಟೆಯಲ್ಲಿ ತನ್ನ ಹೆಸರನ್ನು ಬರೆಯಬಲ್ಲನು. ಕಲಿಯುವವನಿಗೆ ಗೊತ್ತಿರುವ ಸ್ಥಳದಿಂದ ಹೊರಟರೆ ಕಲಿಕೆ ಎಷ್ಟು ಹಗುರವಾಗುತ್ತದೆ ನೋಡಿ!

ಕ್ಯಾರಲ್ ಅವರು ತೋರಿದ ಪರಿಹಾರವೂ ಸರಳವಾದುದೇ. ದಪ್ಪ ಕೈಪಿಡಿಯ ಬದಲು ಕೆಲವೇ ಪುಟಗಳ ತೆಳು ಪುಸ್ತಿಕೆ. ಪೀಠಿಕೆ, ವರ್ಣನೆಗಳಿಗೆ ಕತ್ತರಿ. ಮೊದಲ ಪುಟದಿಂದಲೇ ನಿಜವಾದ ಕೆಲಸ. ಅದಕ್ಕಿಂತ ಮುಖ್ಯವಾಗಿ, ತಪ್ಪಾದಾಗ ಹಿಂದಕ್ಕೆ ಬರುವ ದಾರಿ. ಇಂಥ ಪುಸ್ತಿಕೆಯಿಂದ ಕಲಿತವರು, ದೊಡ್ಡ ಕೈಪಿಡಿಯಿಂದ ಕಲಿತವರಿಗಿಂತ ಬೇಗನೆ ಕಲಿತರು, ಚೆನ್ನಾಗಿಯೂ ಕಲಿತರು. ನನ್ನ ಎರಡು ದಿನದ ಪಾಠದಲ್ಲಿ 'ತಪ್ಪಾದರೆ ಏನು ಮಾಡಬೇಕು' ಎಂಬ ಒಂದು ಪುಟವಿದ್ದಿದ್ದರೆ, ಆ ಹಿರಿಯರು ದಿನಕ್ಕೆ ಹತ್ತು ಸಲ ಯಾರನ್ನೂ ಕೇಳಬೇಕಾಗುತ್ತಿರಲಿಲ್ಲ.

ನೆರೆಮೇಜಿನ ಗುರು

ಹಾಗೆಂದು ಕೇಳುವುದೇ ತಪ್ಪೆಂದು ಯಾರೂ ಭಾವಿಸಕೂಡದು. ಪುಸ್ತಕದಿಂದ ಬರುವ ವಿದ್ಯೆಗಿಂತ ಪಕ್ಕದ ಮೇಜಿನಿಂದ ಬರುವ ವಿದ್ಯೆಯೇ ಕಚೇರಿಗಳನ್ನು ನಡೆಸುತ್ತದೆ. ಜೂಲಿಯನ್ ಆರ್ ಎಂಬ ಮಾನವಶಾಸ್ತ್ರಜ್ಞರು ಜೆರಾಕ್ಸ್ ಕಂಪನಿಯ ದುರಸ್ತಿಗಾರರ ಜೊತೆ ತಿರುಗಾಡಿ 1996ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ನಕಲು ಯಂತ್ರ ಕೆಟ್ಟಾಗ ಏನು ಮಾಡಬೇಕೆಂಬುದನ್ನು ಕಂಪನಿಯು ಹಂತಹಂತವಾಗಿ ಬರೆದುಕೊಟ್ಟಿತ್ತು. ಆದರೆ ಕಷ್ಟದ ದುರಸ್ತಿಗಳು ಆ ಬರಹದಿಂದ ಆಗುತ್ತಿರಲಿಲ್ಲ. ಉಪಾಹಾರದ ಹೊತ್ತಿನಲ್ಲಿ ಒಬ್ಬರಿಗೊಬ್ಬರು, 'ಆ ಕಚೇರಿಯ ಯಂತ್ರ ಹೀಗೆ ಹಟ ಹಿಡಿದಿತ್ತು, ನಾನು ಹೀಗೆ ಸರಿಪಡಿಸಿದೆ' ಎಂದು ಹೇಳಿಕೊಳ್ಳುತ್ತಿದ್ದ ಕಥೆಗಳಿಂದ ಆಗುತ್ತಿದ್ದವು. ಆ ಹರಟೆಯು ಕಾಲಹರಣವಲ್ಲ, ಅದೇ ಅವರ ಪಾಠಶಾಲೆ ಎಂಬುದು ಆರ್ ಅವರ ಕಾಣ್ಕೆ.

ನಮ್ಮ ಬ್ಯಾಂಕುಗಳಲ್ಲಿಯೂ ಹೀಗೆಯೇ. ಪ್ರತಿ ಶಾಖೆಯಲ್ಲಿ ಒಬ್ಬರು ಇರುತ್ತಾರೆ. ಅವರ ಹುದ್ದೆಯ ಹೆಸರಿನಲ್ಲಿ ಗಣಕಯಂತ್ರದ ಸುಳಿವೇ ಇರುವುದಿಲ್ಲ. ಆದರೆ ತೆರೆಯ ಮೇಲೆ ಕೆಂಪು ಅಕ್ಷರ ಬಂದಾಗ ಎಲ್ಲರೂ ಅವರ ಕಡೆಗೇ ಕತ್ತು ತಿರುಗಿಸುತ್ತಾರೆ. ಮೇಲಧಿಕಾರಿಗಳು ಇಂಥವರನ್ನು ಗುರುತಿಸಿ, ಅವರ ಸ್ವಂತ ಕೆಲಸದ ಹೊರೆಯನ್ನು ಸ್ವಲ್ಪ ಇಳಿಸಿದರೆ, ಹೊರಗಿನ ತರಬೇತಿಗೆ ಸುರಿಯುವ ಹಣದಲ್ಲಿ ಬಹುಪಾಲು ಉಳಿಯುತ್ತದೆ.

ಕೇಳಲು ಸಂಕೋಚ ಪಡುವವರಿಗೆ ಇನ್ನೊಂದು ಸಂಗತಿಯನ್ನು ಹೇಳಬೇಕು. ಅದೇ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ಲೂಸಿ ಸಚ್‌ಮನ್ ಎಂಬ ವಿದುಷಿಯು, ನಕಲು ಯಂತ್ರದ ಮುಂದೆ ನಿಂತು ಹಾಳೆಯ ಎರಡೂ ಬದಿಗೆ ಪ್ರತಿ ತೆಗೆಯಲು ಹೆಣಗುವವರನ್ನು ಚಿತ್ರೀಕರಿಸಿದರು. ಹಾಗೆ ಹೆಣಗಿದವರು ಗಣಕ ವಿಜ್ಞಾನದಲ್ಲಿ ಹೆಸರಾದ ಪಂಡಿತರು! ಯಂತ್ರವು ಹೇಳುತ್ತಿದ್ದುದಕ್ಕೂ ಮನುಷ್ಯನು ಅರ್ಥಮಾಡಿಕೊಂಡದ್ದಕ್ಕೂ ನಡುವೆ ಇದ್ದ ಕಂದಕವೇ ತೊಡಕಿಗೆ ಮೂಲವೆಂದು ಅವರು 1987ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಪಂಡಿತರಿಗೇ ಹೀಗಾಗುವುದಾದರೆ, ನಾಲ್ಕು ಗಂಟೆಯ ಗಿರಾಕಿಗಳ ಸಾಲಿನ ಎದುರು ತಬ್ಬಿಬ್ಬಾದ ಗುಮಾಸ್ತನು ನಾಚಿಕೊಳ್ಳಬೇಕಾದ ಕಾರಣವಿಲ್ಲ.

ರೂಢಿ ಎಂಬ ಎರಡಲಗಿನ ಕತ್ತಿ

ಕಲಿತ ಮೇಲೆ ಬರುವುದು ಬಳಕೆ. ಬಳಕೆಯಿಂದ ರೂಢಿ. ರೂಢಿಯಾದ ಕೆಲಸವನ್ನು ಕೈ ಮಾಡುತ್ತದೆ, ಮನಸ್ಸು ಬೇರೆಡೆ ಇರುತ್ತದೆ. ಇದರಿಂದ ವೇಗ ಬರುತ್ತದೆ, ಅಪಾಯವೂ ಬರುತ್ತದೆ. ಡೊನಾಲ್ಡ್ ನಾರ್ಮನ್ ಎಂಬ ಮನೋವಿಜ್ಞಾನಿಯು ತಪ್ಪುಗಳನ್ನು ಎರಡು ಜಾತಿಯಾಗಿ ವಿಂಗಡಿಸಿದ್ದಾರೆ. ಮಾಡಬೇಕಾದ್ದು ಏನೆಂದು ಗೊತ್ತಿದ್ದೂ ಕೈ ಜಾರುವುದು ಒಂದು. ಮಾಡಬೇಕಾದ್ದನ್ನೇ ತಪ್ಪಾಗಿ ತಿಳಿದಿರುವುದು ಇನ್ನೊಂದು. ಮೊದಲನೆಯದು ಪಳಗಿದವನ ತಪ್ಪು, ಎರಡನೆಯದು ಅರೆಬರೆ ಕಲಿತವನ ತಪ್ಪು. ಎರಡಕ್ಕೂ ಒಂದೊಂದು ನಿದರ್ಶನ ಕೊಡುತ್ತೇನೆ.

ಮೊದಲನೆಯದು ಆಸ್ಪತ್ರೆಯದು. ಕೆನಡಾದಲ್ಲಿ ತಯಾರಾದ ಥೆರಾಕ್-25 ಎಂಬ ವಿಕಿರಣ ಚಿಕಿತ್ಸೆಯ ಯಂತ್ರವು 1985ರಿಂದ 1987ರ ವರೆಗೆ ಆರು ಮಂದಿ ರೋಗಿಗಳಿಗೆ ಮಿತಿಮೀರಿದ ವಿಕಿರಣವನ್ನು ಕೊಟ್ಟಿತು. ಅವರಲ್ಲಿ ಕೆಲವರು ಅದರಿಂದಲೇ ಮೃತರಾದರು. 1986ರ ಮಾರ್ಚಿಯಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತದ ಟೈಲರ್ ಎಂಬ ಊರಿನಲ್ಲಿ ನಡೆದುದನ್ನು ಕೇಳಿ. ಯಂತ್ರ ನಡೆಸುವ ಮಹಿಳೆಯು ನುರಿತವಳು. ಹೆಚ್ಚಿನ ರೋಗಿಗಳಿಗೆ ಎಕ್ಸ್-ಕಿರಣದ ಚಿಕಿತ್ಸೆಯಾದುದರಿಂದ ಅಭ್ಯಾಸಬಲದಿಂದ ಆ ಅಕ್ಷರವನ್ನೇ ಒತ್ತಿದಳು. ಈ ರೋಗಿಗೆ ಬೇಕಾದ್ದು ಎಲೆಕ್ಟ್ರಾನ್ ಕಿರಣವೆಂದು ಕೂಡಲೆ ನೆನಪಾಗಿ, ಮೇಲಕ್ಕೆ ಹೋಗಿ ಅಕ್ಷರವನ್ನು ತಿದ್ದಿ, ಉಳಿದ ಸಾಲುಗಳನ್ನು ಸರಸರನೆ ದಾಟಿ, ಕಿರಣ ಬಿಡುವ ಆಜ್ಞೆ ಕೊಟ್ಟಳು. ಯಂತ್ರದೊಳಗಿನ ಅಯಸ್ಕಾಂತಗಳು ಸಿದ್ಧವಾಗಲು ಸುಮಾರು 8 ಸೆಕೆಂಡು ಬೇಕು. ಆ 8 ಸೆಕೆಂಡಿನೊಳಗೆ ತಿದ್ದುಪಡಿ ಮುಗಿದರೆ, ತಂತ್ರಾಂಶದಲ್ಲಿದ್ದ ದೋಷದಿಂದಾಗಿ ಯಂತ್ರಕ್ಕೆ ಅದರ ಅರಿವೇ ಆಗುತ್ತಿರಲಿಲ್ಲ. ತೆರೆಯ ಮೇಲೆ 'ದೋಷ 54' ಎಂದಷ್ಟೇ ಬಂದಿತು. ಇಂಥ ಅರ್ಥವಾಗದ ಸೂಚನೆಗಳು ದಿನವೂ ಬರುತ್ತಿದ್ದವು. ಒಂದು ಕೀಲಿ ಒತ್ತಿದರೆ ಕೆಲಸ ಮುಂದುವರಿಯುತ್ತಿತ್ತು. ಅವಳು ಒತ್ತಿದಳು. ಒಳಗೆ ಮಲಗಿದ್ದ ರೋಗಿಗೆ ಎರಡನೆಯ ಸಲವೂ ಏಟು ಬಿದ್ದಿತು. ಅವನು ಐದು ತಿಂಗಳಲ್ಲಿ ತೀರಿಕೊಂಡನು.

ಕಂಪನಿಯ ಇಂಜಿನಿಯರುಗಳು ಬಂದು ಪರೀಕ್ಷಿಸಿದಾಗ ದೋಷ ಕಾಣಿಸಲಿಲ್ಲ. ಮುಂದಿನ ತಿಂಗಳು ಅದೇ ಆಸ್ಪತ್ರೆಯಲ್ಲಿ ಇನ್ನೊಬ್ಬನಿಗೂ ಹಾಗೆಯೇ ಆಯಿತು. ಆಗ ಆಸ್ಪತ್ರೆಯ ಭೌತವಿಜ್ಞಾನಿಯು ಆ ಮಹಿಳೆಯನ್ನೇ ಕೂರಿಸಿಕೊಂಡು, ಅವಳು ಮಾಡಿದುದನ್ನು ಮತ್ತೆ ಮತ್ತೆ ಮಾಡಿಸಿ ನೋಡಿದನು. ಅವಳಷ್ಟೇ ವೇಗವಾಗಿ ತಿದ್ದಿದಾಗ ಮಾತ್ರ 'ದೋಷ 54' ಕಾಣಿಸಿಕೊಂಡಿತು! ನಿಧಾನವಾಗಿ ಒತ್ತುವವರಿಗೆ ಎಂದೂ ಸಿಕ್ಕದ ದೋಷವು, ಪಳಗಿದ ಬೆರಳುಗಳಿಗೆ ಸಿಕ್ಕಿತು. ತಪ್ಪು ಯಂತ್ರ ಕಟ್ಟಿದವರದು; ಅದರಲ್ಲಿ ಸಂದೇಹವಿಲ್ಲ. ಅರ್ಥವಾಗದ ಎಚ್ಚರಿಕೆಗಳನ್ನು ದಿನವೂ ಕೊಡುವ ಯಂತ್ರವು, ಎಚ್ಚರಿಕೆಯನ್ನು ಕಡೆಗಣಿಸುವುದನ್ನೇ ಮನುಷ್ಯನಿಗೆ ಕಲಿಸುತ್ತದೆ.

ಎರಡನೆಯದು ಬ್ಯಾಂಕಿನದು. 2020ರ ಆಗಸ್ಟಿನಲ್ಲಿ ಸಿಟಿಬ್ಯಾಂಕು ರೆವ್ಲಾನ್ ಎಂಬ ಕಂಪನಿಯ ಸಾಲಗಾರರಿಗೆ ಸುಮಾರು 78 ಲಕ್ಷ ಡಾಲರು ಬಡ್ಡಿಯನ್ನು, ಅಂದರೆ ಕಂಪನಿಗೆ ಸಾಲ ಕೊಟ್ಟವರಿಗೆ, ಹಂಚಬೇಕಾಗಿತ್ತು. ಹೋದದ್ದು ಸುಮಾರು 90 ಕೋಟಿ ಡಾಲರು! ಅಸಲನ್ನು ಬ್ಯಾಂಕಿನ ಒಳಖಾತೆಯಲ್ಲೇ ತಡೆದಿಡಬೇಕಾದರೆ ತೆರೆಯ ಮೇಲಣ ಮೂರು ಚೌಕಗಳಲ್ಲಿ ಗುರುತು ಹಾಕಬೇಕಾಗಿತ್ತು. ಒಂದೇ ಚೌಕ ಸಾಕೆಂದು ನಮೂದಿಸಿದವನು ಭಾವಿಸಿದನು. ಪರಿಶೀಲಿಸಿದವನೂ ಹಾಗೆಯೇ ಭಾವಿಸಿದನು. ಅಮೆರಿಕದಲ್ಲಿ ಕುಳಿತು ಅನುಮೋದಿಸಿದ ಅಧಿಕಾರಿಯೂ ಹಾಗೆಯೇ ಭಾವಿಸಿದನು. ಮೊದಲ ಇಬ್ಬರು ನಮ್ಮ ಭಾರತದಲ್ಲಿ ಕುಳಿತು ಕೆಲಸ ಮಾಡುತ್ತಿದ್ದವರು. ಆ ಫ್ಲೆಕ್ಸ್‌ಕ್ಯೂಬ್ ತಂತ್ರಾಂಶವು ಹುಟ್ಟಿದ್ದೂ ನಮ್ಮ ದೇಶದಲ್ಲೇ. 2021ರಲ್ಲಿ ನ್ಯಾಯಾಲಯವು ಬ್ಯಾಂಕಿನ ವಿರುದ್ಧ ತೀರ್ಪಿತ್ತಿತು. 2022ರಲ್ಲಿ ಮೇಲ್ಮನವಿಯಲ್ಲಿ ಆ ತೀರ್ಪು ರದ್ದಾಯಿತು. ಮೂರು ಜೊತೆ ಕಣ್ಣುಗಳಿದ್ದರೂ, ಮೂರರ ಹಿಂದೆಯೂ ಒಂದೇ ತಪ್ಪು ತಿಳಿವಳಿಕೆ ಇದ್ದರೆ ಪರಿಶೀಲನೆಯು ಬರಿಯ ಶಾಸ್ತ್ರವಾಗುತ್ತದೆ. 'ಅವರು ನೋಡಿರುತ್ತಾರೆ' ಎಂದು ಸಹಿ ಮಾಡುವ ನಮ್ಮ ಅಧಿಕಾರಿ ಬಂಧುಗಳು ಇದನ್ನು ನೆನಪಿಟ್ಟುಕೊಳ್ಳತಕ್ಕದ್ದು.

ಮರೆತುಹೋಗುವ ವಿದ್ಯೆ

ಯಂತ್ರವು ಚೆನ್ನಾಗಿ ನಡೆಯುವಷ್ಟು ದಿನ ಮನುಷ್ಯನ ವಿದ್ಯೆಗೆ ಕೆಲಸವಿರುವುದಿಲ್ಲ. ಕೆಲಸವಿಲ್ಲದ ವಿದ್ಯೆ ಮಾಸಿಹೋಗುತ್ತದೆ. ಯಂತ್ರ ಕೆಟ್ಟ ದಿನವೇ ಆ ವಿದ್ಯೆ ಬೇಕಾಗುವುದು. ಲಿಸಾನ್ ಬೇನ್‌ಬ್ರಿಜ್ ಎಂಬ ಮನೋವಿಜ್ಞಾನಿಯು 1983ರಲ್ಲೇ ಇದನ್ನು ಸ್ವಯಂಚಾಲನೆಯ ವಿಡಂಬನೆ ಎಂದು ಕರೆದರು. ಕೈಯಲ್ಲಿ ಬಡ್ಡಿ ಹಾಕಬಲ್ಲ ಗುಮಾಸ್ತರು ಇಂದು ನಮ್ಮ ಶಾಖೆಗಳಲ್ಲಿ ವಿರಳ. ತೆರೆಯ ಮೇಲೆ ಬಂದ ಅಂಕಿಯು ಅಸಂಭವವೆಂದು ಥಟ್ಟನೆ ಅನುಮಾನ ಪಡುವ ಕಣ್ಣು, ಹಿಂದೊಮ್ಮೆ ಕೈಯಲ್ಲಿ ಲೆಕ್ಕ ಮಾಡಿದವನಿಗಿರುತ್ತದೆ. ನನ್ನ ಹಿರಿಯ ಸಹೋದ್ಯೋಗಿಯನ್ನು ಹೋಗಗೊಟ್ಟಾಗ ನಮ್ಮ ಶಾಖೆಯು ಕಳೆದುಕೊಂಡದ್ದು ಆ ಕಣ್ಣನ್ನು. ಅವರನ್ನು ಕೀಲಿಮಣೆಯ ಮುಂದೆ ಕೂರಿಸುವ ಬದಲು ಪರಿಶೀಲನೆಯ ಮೇಜಿನಲ್ಲಿ ಕೂರಿಸಿ, ನಿಧಾನವಾಗಿ ಯಂತ್ರಕ್ಕೆ ಒಗ್ಗಿಸಬಹುದಾಗಿತ್ತೆಂದು ಈಗ ಅನಿಸುತ್ತದೆ.

ಶರೀರದ ಪಾಲು

ಇನ್ನು ದೇಹದ ವಿಷಯ. ಗಣಕಯಂತ್ರದಿಂದ ಕಣ್ಣು ಹೋಗುತ್ತದೆಂಬ ಭಯವು ಜನರಲ್ಲಿದೆ, ಅದು ನಿಜವಲ್ಲ. ಆದರೆ ಕಣ್ಣು ಒಣಗುವುದು, ಉರಿಯುವುದು, ಮಂಜಾಗುವುದು, ತಲೆ ನೋಯುವುದು ಇವು ನಿಜ. ಸಾಮಾನ್ಯವಾಗಿ ನಾವು ನಿಮಿಷಕ್ಕೆ 15ರಿಂದ 20 ಸಲ ರೆಪ್ಪೆ ಬಡಿಯುತ್ತೇವೆ. ತೆರೆಯನ್ನು ದಿಟ್ಟಿಸುವಾಗ ಅದು ಅರ್ಧಕ್ಕೂ ಕಡಿಮೆಯಾಗುವುದುಂಟು. ರೆಪ್ಪೆಯೇ ಕಣ್ಣಿಗೆ ನೀರೆರೆಯುವ ಮಾಲಿಯಾದುದರಿಂದ ಕಣ್ಣು ಬಾಡುತ್ತದೆ. ಹವಾನಿಯಂತ್ರಣದ ಗಾಳಿ ನೇರವಾಗಿ ಮುಖಕ್ಕೆ ಬೀಸುತ್ತಿದ್ದರೆ ಇನ್ನಷ್ಟು ಬಾಡುತ್ತದೆ. ಇದಕ್ಕೆ ನೇತ್ರತಜ್ಞರು ಹೇಳುವ ಸುಲಭ ಸೂತ್ರವೊಂದಿದೆ: ಪ್ರತಿ 20 ನಿಮಿಷಕ್ಕೊಮ್ಮೆ, 20 ಅಡಿಗಿಂತ ದೂರದ ವಸ್ತುವನ್ನು, 20 ಸೆಕೆಂಡು ನೋಡಿ. ಕಿಟಕಿಯಾಚೆ ಒಂದು ಮರವಿದ್ದರೆ ಅದೇ ಸಾಕು.

ನಲವತ್ತು ದಾಟಿದವರಿಗೆ ಒಂದು ವಿಶೇಷ ಸೂಚನೆ. ಚಾಳೀಸು ಬಂದು ಎರಡು ಗಾಜಿನ ಕನ್ನಡಕ ಹಾಕುವವರು, ತೆರೆಯನ್ನು ಕೆಳಗಿನ ಗಾಜಿನಲ್ಲಿ ನೋಡಲೆಂದು ಗಲ್ಲವನ್ನು ಮೇಲೆತ್ತಿ ಗಂಟೆಗಟ್ಟಲೆ ಕೂರುತ್ತಾರೆ. ಸಂಜೆ ಕತ್ತು ಹಿಡಿದುಕೊಳ್ಳುತ್ತದೆ. ವಾಯುವೆಂದು ತೈಲ ಹಚ್ಚುತ್ತಾರೆ. ನೋವಿನ ಮೂಲ ಕನ್ನಡಕದಲ್ಲಿದೆ. ವೈದ್ಯರಿಗೆ ತೆರೆಯ ದೂರವನ್ನು ಅಳೆದು ಹೇಳಿ, ಅದಕ್ಕೆಂದೇ ಒಂದು ಕನ್ನಡಕ ಮಾಡಿಸಿಕೊಂಡರೆ ಅರ್ಧ ನೋವು ಹೋಗುತ್ತದೆ. ತೆರೆಯು ಕಣ್ಣಿನಿಂದ ಒಂದು ತೋಳಿನಷ್ಟು ದೂರದಲ್ಲಿ, ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಇರಬೇಕು. ಪಾದಗಳು ನೆಲಕ್ಕೆ ತಾಗಬೇಕು. ಕುಳ್ಳಗಿನವರು ಕಾಲ ಕೆಳಗೆ ಒಂದು ಮಣೆಯನ್ನಿಟ್ಟುಕೊಳ್ಳಲಿ. ಮಣಿಕಟ್ಟನ್ನು ಮೇಜಿನ ಅಂಚಿಗೆ ಒತ್ತಿ, ಬಾಗಿಸಿ ಟೈಪು ಮಾಡಬಾರದು. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತಿದ್ದರೆ ಮಣಿಕಟ್ಟಿನ ನರಕ್ಕೆ ಒತ್ತಡವಾಗಿರಬಹುದು. ತಡ ಮಾಡದೆ ವೈದ್ಯರಿಗೆ ತೋರಿಸಬೇಕು. ಎರಡು ಗಂಟೆ ಲೋಕಲ್ ಗಾಡಿಯಲ್ಲಿ ನಿಂತು ಬಂದು, ಎಂಟು ಗಂಟೆ ಒಂದೇ ಭಂಗಿಯಲ್ಲಿ ಕೂರುವ ನಮ್ಮವರು, ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯುವುದನ್ನು ಕರ್ತವ್ಯವೆಂದೇ ತಿಳಿಯಬೇಕು.

ಕೆಲವು ಸಲಹೆಗಳು

ಕಲಿಯುವವರಿಗೆ: ಒಂದೇ ದಿನ ಆರು ಗಂಟೆ ಕಲಿಯುವುದಕ್ಕಿಂತ ಆರು ದಿನ ಒಂದೊಂದು ಗಂಟೆ ಕಲಿಯುವುದು ಮೇಲು, ಬಿಡುವು ಕೊಟ್ಟು ಕಲಿತದ್ದು ಹೆಚ್ಚು ಕಾಲ ನಿಲ್ಲುತ್ತದೆಂಬುದನ್ನು ಹೆರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸರು 1885ರಷ್ಟು ಹಿಂದೆಯೇ ತೋರಿಸಿದ್ದಾರೆ. ಒಂದು ಚಿಕ್ಕ ಪುಸ್ತಕವಿಟ್ಟುಕೊಂಡು, ಪ್ರತಿ ಕೆಲಸದ ಹೆಜ್ಜೆಗಳನ್ನು ನಿಮ್ಮದೇ ಮಾತಿನಲ್ಲಿ, ಕನ್ನಡದಲ್ಲಿಯೇ ಬರೆದುಕೊಳ್ಳಿ. ಏನು ಮಾಡಿದರೆ ಹಿಂದಕ್ಕೆ ಬರಬಹುದು ಎಂಬುದನ್ನು ಎಲ್ಲಕ್ಕಿಂತ ಮೊದಲು ಕಲಿಯಿರಿ. ಹೆದರಿಕೆ ಅಲ್ಲಿಗೆ ಅರ್ಧವಾಗುತ್ತದೆ. ತೆರೆಯ ಮೇಲೆ ಬಂದ ಎಚ್ಚರಿಕೆಯನ್ನು ಓದದೆ ದಾಟಬೇಡಿ. ಅವಸರವೆಂದು ನಿಮ್ಮ ಗುಪ್ತಪದವನ್ನು ಪಕ್ಕದವರಿಗೆ ಕೊಡಬೇಡಿ. ಸ್ನೇಹದಿಂದ ಕೊಟ್ಟ ಆ ನಾಲ್ಕಕ್ಷರಕ್ಕಾಗಿ ನಿವೃತ್ತಿಯ ಅಂಚಿನಲ್ಲಿ ವಿಚಾರಣೆ ಎದುರಿಸಿದವರನ್ನು ನಾನು ಬಲ್ಲೆ.

ಕಲಿಸುವವರಿಗೆ: ಕಲಿಯುವವನ ಕೈಯಿಂದ ಕೀಲಿಮಣೆಯನ್ನು ಕಸಿದುಕೊಳ್ಳಬೇಡಿ. 'ಇಷ್ಟೇ ತಾನೆ' ಎಂಬ ಮಾತನ್ನು ಆಡಬೇಡಿ. ನಿಮಗೆ ಇಷ್ಟೇ ಆದದ್ದು ಅವನಿಗೆ ಬೆಟ್ಟವಾಗಿರಬಹುದು. ಅವನು ಮೊದಲೇ ಬಲ್ಲ ಕೆಲಸದಿಂದ ಹೊರಡಿ. ನಿಜವಾದ ಖಾತೆಗಳಲ್ಲಿ ಅಲ್ಲ, ಕೆಡಿಸಿದರೂ ನಷ್ಟವಿಲ್ಲದ ಅಭ್ಯಾಸದ ಖಾತೆಯಲ್ಲಿ ಅವನನ್ನು ಆಡಗೊಡಿ.

ಈ ಮಾತುಗಳು ಕಚೇರಿಗೆ ಮಾತ್ರ ಸಲ್ಲುವುದಿಲ್ಲ. ಈಗ ನಿವೃತ್ತರಾದ ನಾವೆಲ್ಲರೂ ಕೈಯಲ್ಲಿ ಒಂದೊಂದು ಗಣಕಯಂತ್ರವನ್ನು ಹಿಡಿದುಕೊಂಡೇ ತಿರುಗುತ್ತಿದ್ದೇವೆ. ಹಣ ಕಳುಹಿಸುವುದು, ಊರಿಗೆ ಟಿಕೇಟು ತೆಗೆಯುವುದು, ನಿವೃತ್ತಿವೇತನಕ್ಕಾಗಿ ಬದುಕಿದ್ದೇವೆಂದು ಪ್ರಮಾಣ ಕೊಡುವುದು ಎಲ್ಲವೂ ಅದರಲ್ಲೇ. ಅದನ್ನು ಬಾರದೆಂದು ಮಕ್ಕಳ ಕೈಗೆ ಕೊಟ್ಟುಬಿಡುವುದು ಸುಲಭ. ಆದರೆ ಹಾಗೆ ಕೊಟ್ಟ ದಿನದಿಂದ ನಮ್ಮ ಹಣಕಾಸು ನಮ್ಮ ಕೈಯಲ್ಲಿರುವುದಿಲ್ಲ.

ಕಳೆದ ವರ್ಷ ಮಾಟುಂಗದಲ್ಲಿ ಒಂದು ಮದುವೆಯಲ್ಲಿ ಆ ನನ್ನ ಹಿರಿಯ ಸಹೋದ್ಯೋಗಿಯು ಸಿಕ್ಕಿದರು. ವಯಸ್ಸು ಎಂಬತ್ತನ್ನು ಸಮೀಪಿಸಿದೆ. ಮಾತಿನ ನಡುವೆ ಜೇಬಿನಿಂದ ಫೋನು ತೆಗೆದು, ತಮ್ಮ ಖಾತೆಗೆ ಬಂದ ಬಡ್ಡಿಯಲ್ಲಿ ಬ್ಯಾಂಕಿನವರು ಮಾಡಿದ ಒಂದು ತಪ್ಪನ್ನು ತೋರಿಸಿದರು. ಬಡ್ಡಿಯನ್ನು ಮನಸ್ಸಿನಲ್ಲೇ ಹಾಕಿ ನೋಡಿದ್ದರು! "ಇದನ್ನು ಯಾರು ಕಲಿಸಿದರು?" ಎಂದೆ. ಮೊಮ್ಮಗಳಂತೆ. ನಾಲ್ಕು ಸಂಜೆ ಪಕ್ಕದಲ್ಲಿ ಕುಳಿತಿದ್ದಳಂತೆ. ಫೋನನ್ನು ಒಮ್ಮೆಯೂ ಅವರ ಕೈಯಿಂದ ತೆಗೆದುಕೊಳ್ಳಲಿಲ್ಲವಂತೆ. "ನೀವು ಎರಡು ದಿನ ಚೆನ್ನಾಗಿಯೇ ಮಾತಾಡಿದ್ದಿರಿ" ಎಂದು ನಕ್ಕರು. ನಾನೂ ನಕ್ಕೆ, ಬೇರೇನು ಮಾಡಲಿ?